ವಿಚ್ಛೇದನ ಸುಲಭವಾಗಬೇಕೇ? ಚರ್ಚೆಯಲ್ಲಿ ನಾನು ಹೇಳದೆ ಉಳಿದದ್ದು

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ನಡೆದ ಚರ್ಚಾ ಸ್ಪರ್ಧೆಯಲ್ಲಿ ‘ವಿವಾಹ ವಿಚ್ಛೇದನ ಸುಲಭವಾಗಬೇಕೇ?’ ಎಂಬ ವಿಷಯಕ್ಕೆ ನಾನು ವಿರೋಧವಾಗಿ ಮಾತನಾಡಿದ್ದೆ. ಎರಡನೇ ಬಹುಮಾನವೂ ಬಂತು. ತಲಾಖ್‌ಗೆ ಅನುಮತಿ ಇದ್ದರೂ ಅದು ಅಲ್ಲಾಹನಿಗೆ ಅಪ್ರಿಯವಾದದ್ದು ಎಂದು ಆರಂಭಿಸಿ, ಮಕ್ಕಳ ಗತಿ, ಮನೆತನದ ಮಾನ ಎಂದೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅದಕ್ಕೂ ಮೊದಲು ಎರಡು ದಿನ ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡಿದ್ದೆ. ಪಕ್ಕದ ಅಡುಗೆಮನೆಯಲ್ಲಿ ನನ್ನ ಖಾಲಾ ಕೆಲಸ ಮಾಡುತ್ತಿದ್ದರು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಖಾಲಾ ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಊರು ಬಿಟ್ಟು ಹೋದರು. ಖರ್ಚಿಗೆ ಹಣ ಕಳಿಸಲಿಲ್ಲ, ಕರೆದುಕೊಂಡು ಹೋಗಲಿಲ್ಲ, ತಲಾಖ್ ಕೊಡಿ ಎಂದರೆ ಅದನ್ನೂ ಕೊಡಲಿಲ್ಲ. ಹಿರಿಯರ ಹತ್ತಿರ ಹೋದಾಗಲೆಲ್ಲ ಸಿಕ್ಕಿದ ಉತ್ತರ ಒಂದೇ: ಸಬರ್ ಮಾಡಮ್ಮ. ಹೀಗೆ ಆರು ವರ್ಷ ಕಳೆದವು. ಸೂರಾ ಅನ್ನಿಸಾದಲ್ಲಿ ಹೆಂಡತಿಯನ್ನು ನೇತುಹಾಕಿದವಳಂತೆ ಬಿಟ್ಟುಬಿಡಬಾರದು ಎಂಬ ಎಚ್ಚರಿಕೆ ಇದೆ. ಅದರ ಅರ್ಥ ನನಗೆ ತಿಳಿದದ್ದು ಖಾಲಾ ಜೊತೆ ಕೂತು ಮಾತಾಡಿದ ಮೇಲೆ. ‘ಸುಲಭವಾಗಬೇಕೇ’ ಎಂದು ಕೇಳುವ ಮೊದಲು ‘ಯಾರಿಗೆ’ ಎಂದು ಕೇಳಬೇಕಿತ್ತು.

ಬುಖಾರಿಯಲ್ಲಿ ಒಂದು ಪ್ರಸಂಗ ಬರುತ್ತದೆ. ಸಾಬಿತ್ ಬಿನ್ ಖೈಸ್ ಅವರ ಪತ್ನಿ ಪ್ರವಾದಿ(ಸ)ಯವರ ಬಳಿ ಬರುತ್ತಾರೆ. ಗಂಡನ ನಡತೆಯಲ್ಲಾಗಲಿ, ದೀನ್‌ನಲ್ಲಾಗಲಿ ದೋಷವಿಲ್ಲ, ಆದರೆ ಅವರ ಜೊತೆ ಬಾಳಲು ತನ್ನಿಂದಾಗದು ಎನ್ನುತ್ತಾರೆ. ಮಹರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸುವೆಯಾ ಎಂದು ಪ್ರವಾದಿ(ಸ) ಕೇಳುತ್ತಾರೆ. ಆಕೆ ಒಪ್ಪುತ್ತಾರೆ. ತೋಟ ತೆಗೆದುಕೊಂಡು ಆಕೆಯನ್ನು ಬಿಟ್ಟುಕೊಡಲು ಸಾಬಿತ್‌ರಿಗೆ ಹೇಳುತ್ತಾರೆ. ಅಷ್ಟೇ. ಖುಲಾ ಎನ್ನುವುದು ಇದನ್ನೇ. ನನ್ನ ಭಾಷಣದಲ್ಲಿ ಈ ಹದೀಸ್ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತಾದದ್ದು ಸ್ಪರ್ಧೆ ಮುಗಿದ ಮೇಲೆ, ನಮ್ಮ ಗ್ರಂಥಾಲಯದಲ್ಲಿ. ಹಿಂದೆ ನಮ್ಮ ದೇಶದಲ್ಲಿ ಹೆಚ್ಚಿನ ಮುಸ್ಲಿಮರು ಅನುಸರಿಸುತ್ತಿದ್ದ ಹನಫಿ ಫಿಕ್ಹ್‌ನ ಪ್ರಕಾರ, ಕಾಣೆಯಾದ ಗಂಡನ ಹೆಂಡತಿ ಅವನ ವಯಸ್ಸಿನವರೆಲ್ಲ ತೀರಿಹೋಗುವಷ್ಟು ಕಾಲ ಕಾಯಬೇಕಿತ್ತು. ಗಂಡ ಅನ್ನ ಬಟ್ಟೆ ಕೊಡದಿದ್ದರೂ ಅದೊಂದೇ ಕಾರಣಕ್ಕೆ ನಿಕಾಹ್ ರದ್ದಾಗುತ್ತಿರಲಿಲ್ಲ. ಆದರೆ ಒಬ್ಬಾಕೆ ಇಸ್ಲಾಮ್ ಬಿಟ್ಟರೆ ನಿಕಾಹ್ ತಾನಾಗಿಯೇ ಮುರಿಯುತ್ತದೆ ಎಂದು ಬ್ರಿಟಿಷರ ಕಾಲದ ಕೋರ್ಟುಗಳು ಒಪ್ಪುತ್ತಿದ್ದವು. ಪಂಜಾಬಿನಲ್ಲಿ ದಿಕ್ಕು ಕಾಣದ ಎಷ್ಟೋ ಹೆಂಗಸರು ಹೀಗೆ ಧರ್ಮವನ್ನೇ ಬಿಟ್ಟರು. ಕವಿ ಇಕ್ಬಾಲರೂ ತಮ್ಮ ಉಪನ್ಯಾಸದಲ್ಲಿ ಇದನ್ನು ಪ್ರಸ್ತಾಪಿಸಿದ್ದಾರೆ. ಒಂದು ಕೆಟ್ಟ ಮದುವೆಯಿಂದ ಹೊರಬರಲು ಈಮಾನನ್ನೇ ಬಿಡಬೇಕಾಗಿ ಬಂದ ಹೆಣ್ಣಿನ ಮನಸ್ಥಿತಿ ಹೇಗಿದ್ದಿರಬೇಕು?

ಇದನ್ನು ನೋಡಿ ಸುಮ್ಮನಿರದೆ ಎದ್ದವರು ಉಲಮಾಗಳೇ. ಮೌಲಾನಾ ಅಶ್ರಫ್ ಅಲಿ ಥಾನವಿ ಸ್ವತಃ ಹನಫಿ ವಿದ್ವಾಂಸರು. ಆದರೂ 1930ರ ದಶಕದ ಆರಂಭದಲ್ಲಿ ಅವರು ಮಾಲಿಕಿ ವಿದ್ವಾಂಸರ ಅಭಿಪ್ರಾಯ ತರಿಸಿಕೊಂಡು, ಇಂಥ ಹೆಂಗಸರಿಗೆ ಮಾಲಿಕಿ ಫಿಕ್ಹ್‌ನ ನಿಯಮ ಅನ್ವಯಿಸಬಹುದು ಎಂದು ‘ಅಲ್ ಹೀಲತುನ್ನಾಜಿಝಾ’ ಎಂಬ ಗ್ರಂಥ ಬರೆದರು. ಅದರ ಬೆನ್ನಿಗೇ ಕಾಝಿ ಮುಹಮ್ಮದ್ ಅಹ್ಮದ್ ಕಾಜ್ಮಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಅದೇ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ. (ತೀರ್ಪು ಕೊಡುವವರು ಮುಸ್ಲಿಂ ನ್ಯಾಯಾಧೀಶರೇ ಆಗಿರಬೇಕು ಎಂಬ ಅಂಶವನ್ನು ಕೈಬಿಟ್ಟದ್ದು ಉಲಮಾಗಳಿಗೆ ಬೇಸರ ತಂದಿತ್ತು. ಅದು ಬೇರೆ ಕಥೆ.) ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಹೊಣೆ ನಿಭಾಯಿಸದಿದ್ದರೆ, ಏಳು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ, ಕ್ರೂರವಾಗಿ ನಡೆಸಿಕೊಂಡರೆ ಹೆಂಡತಿ ಕೋರ್ಟಿನಿಂದ ಬಿಡುಗಡೆ ಪಡೆಯಬಹುದು. ಅಂದರೆ ಎರಡು ವರ್ಷ ಮುಗಿದ ದಿನವೇ ಖಾಲಾಗೆ ದಾರಿ ಇತ್ತು. ಉಳಿದ ನಾಲ್ಕು ವರ್ಷ ಅವರು ಕಾದದ್ದು, ಇಂಥದೊಂದು ಕಾನೂನು ಇದೆ ಎಂದು ಯಾರೂ ಹೇಳದಿದ್ದುದರಿಂದ.

ನಮ್ಮಲ್ಲಿ ಚರ್ಚೆ ಎಂದರೆ ತ್ರಿವಳಿ ತಲಾಖ್ ಮಾತ್ರ ನೆನಪಾಗುತ್ತದೆ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಅದನ್ನು ಅಸಿಂಧು ಎಂದಿತು. 2019ರ ಕಾಯ್ದೆ ಅದಕ್ಕೆ ಮೂರು ವರ್ಷದವರೆಗೆ ಜೈಲು ಎಂದಿತು. ಗಂಡ ಜೈಲಿಗೆ ಹೋದರೆ ಮನೆ ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆ ನನಗಿನ್ನೂ ಹಾಗೇ ಇದೆ. ಅದಿರಲಿ, ಖಾಲಾ ಕಷ್ಟವೇ ಬೇರೆ. ಅವರ ಗಂಡ ಮೂರು ಬಾರಿ ಹೇಳುವುದಿರಲಿ, ಒಂದು ಬಾರಿಯೂ ಹೇಳಲಿಲ್ಲ. 2021ರಲ್ಲಿ ಕೇರಳ ಹೈಕೋರ್ಟ್, ಕೋರ್ಟಿಗೆ ಹೋಗದೆಯೂ ಖುಲಾ ಪಡೆಯುವ ಹಕ್ಕು ಮುಸ್ಲಿಂ ಮಹಿಳೆಗೆ ಇದೆ ಎಂದು ಹೇಳಿ, 1972ರ ತನ್ನದೇ ತೀರ್ಪನ್ನು ತಳ್ಳಿಹಾಕಿತು.

ಹಾಗಾದರೆ ಆತುರಕ್ಕೆ ಬಿದ್ದು ಮುರಿದುಕೊಳ್ಳುವವರು ಹೆಚ್ಚುವುದಿಲ್ಲವೇ ಎಂದು ನಮ್ಮ ತಂಡದವರು ಕೇಳಿದ್ದರು. ಸುಲಭ ಬೇರೆ, ಅವಸರ ಬೇರೆ ಎಂದು ಈಗ ನನಗನಿಸುತ್ತದೆ. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸಿ ಎಂದು ಕುರ್‌ಆನ್ ಹೇಳುತ್ತದೆ, ತಲಾಖ್ ಹೇಳಿದ ಮೇಲೂ ಇದ್ದತ್‌ನ ಅವಧಿ ಇರುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲೂ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಆರು ತಿಂಗಳ ಕಾಯುವಿಕೆ ಇದೆ, ರಾಜಿಯ ಆಸೆಯೇ ಇಲ್ಲದಿದ್ದರೆ ಅದನ್ನು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯೋಚಿಸಲು ಸಮಯ ಕೊಡುವುದು ಸರಿ. ಆದರೆ ಒಬ್ಬರಿಗೆ ಬಾಗಿಲು ತೆರೆದಿಟ್ಟು, ಇನ್ನೊಬ್ಬರಿಗೆ ಬೀಗ ಹಾಕಿ, ಕೀಲಿಯನ್ನು ಮೊದಲನೆಯವರ ಜೇಬಿಗೇ ಹಾಕುವುದು ಸರಿಯಲ್ಲ.

ಖಾಲಾಗೆ ಕೊನೆಗೆ ದಾರಿ ತೋರಿಸಿದವರು ಪಕ್ಕದ ಬೀದಿಯ ಒಬ್ಬ ವಕೀಲೆ. ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಸಿಗುತ್ತದೆ ಎಂದು ಅವರೇ ತಿಳಿಸಿದ್ದು. ಕೌಟುಂಬಿಕ ನ್ಯಾಯಾಲಯದಲ್ಲಿ ಒಂದೂವರೆ ವರ್ಷದಲ್ಲಿ ತೀರ್ಪು ಬಂತು. ಈಗ ಖಾಲಾ ಹೊಲಿಗೆ ಮಾಡುತ್ತಾರೆ. ನನ್ನ ಯೂನಿಫಾರ್ಮ್ ಹೊಲಿದದ್ದೂ ಅವರೇ.

ಆ ವಕೀಲೆ ಹೇಳಿದ ಇನ್ನೊಂದು ಮಾತು: ಇಂತಿಂಥ ಸಂದರ್ಭದಲ್ಲಿ ಹೆಂಡತಿ ತಾನೇ ತಲಾಖ್ ಹೇಳಿಕೊಳ್ಳುವ ಅಧಿಕಾರವನ್ನು ಗಂಡ ನಿಕಾಹ್ ಸಮಯದಲ್ಲೇ ಬರೆದುಕೊಡಬಹುದಂತೆ. ಅದಕ್ಕೆ ತಲಾಖೆ ತಫ್ವೀಝ್ ಎನ್ನುತ್ತಾರೆ. ಮನೆಗೆ ಹೋಗಿ ಅಮ್ಮಿಯ ನಿಕಾಹ್‌ನಾಮಾ ತೆಗೆಸಿ ನೋಡಿದೆ. ಮಹರ್ ಮೊತ್ತ ಇದೆ, ಸಾಕ್ಷಿಗಳ ಸಹಿ ಇದೆ, ಷರತ್ತುಗಳ ಜಾಗ ಖಾಲಿ. ಅಬ್ಬಾರನ್ನು ಕೇಳಿದರೆ, ಅಂಥ ಜಾಗ ಇದೆ ಎಂದೇ ಆಗ ಯಾರೂ ಓದಿ ಹೇಳಲಿಲ್ಲ ಎಂದರು.