ಜೋಡಿಯಾಟದ ಲೆಕ್ಕ

ಹಳೆಯ ಮೈಸೂರು ಸೀಮೆಯ ಊರುಗಳಿಗೆ ಬ್ಯಾಟು ಹಿಡಿದು ಆಡುವ ಆಟ ಹೊಸದಲ್ಲ. ಬಯಲಿನಲ್ಲಿ ಎರಡು ಕಂಬ ನೆಟ್ಟು, ಬಲೆ ಕಟ್ಟಿ, ಹಳದಿ ಉಣ್ಣೆಯ ಚೆಂಡಿನಿಂದ ಐವರೈವರು ಕೂಡಿ ಆಡುವ ಬಾಲ್ ಬ್ಯಾಡ್ಮಿಂಟನ್ ಹಿಂದಿನ ತಲೆಮಾರಿನವರಿಗೆ ಚೆನ್ನಾಗಿ ಪರಿಚಿತ. 1980ರಲ್ಲಿ ಪ್ರಕಾಶ್ ಪಡುಕೋಣೆಯವರು ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದುದರಿಂದ ಷಟಲ್ ಬ್ಯಾಡ್ಮಿಂಟನ್ ಆಟವೂ ಕನ್ನಡಿಗರ ಮನೆಮಾತಾಯಿತು. ಆದರೆ ಮಂಡ್ಯವಾಗಲಿ, ಮದ್ದೂರು ಮಳವಳ್ಳಿಗಳಾಗಲಿ, ಯಾವ ಊರಿನ ಬಯಲಿನಲ್ಲಿಯೂ ಕಾಲಿನ ಬಲ ಕುಂದಿದ ಹುಡುಗನಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಅಂಗಳದ ಅಂಚಿನ ಜಾಗವೇ. ಅಂಕ ಎಣಿಸುವ ಕೆಲಸ ಅವನದು. ಆಡುವ ಕೆಲಸ ಇತರರದು. ಯಾರಾದರೂ ಅವನನ್ನು ಆಟಕ್ಕೆ ಕರೆದರೂ ಆ ಕರೆಯಲ್ಲಿ ಕನಿಕರವೇ ಹೆಚ್ಚು.

ಈ ಕನಿಕರವನ್ನು ಬದಿಗಿಟ್ಟು, ಅದರ ಸ್ಥಾನದಲ್ಲಿ ಒಂದು ಲೆಕ್ಕವನ್ನು ತಂದಿಟ್ಟ ಆಟವೇ ಪ್ಯಾರಾ ಬ್ಯಾಡ್ಮಿಂಟನ್. ಅದರಲ್ಲಿಯೂ ಪುರುಷರ ಜೋಡಿ ಸ್ಪರ್ಧೆಯ ನಿಯಮವನ್ನು ತಿಳಿದವರಿಗೆ ಈ ಲೆಕ್ಕದ ಸೊಗಸು ಮನದಟ್ಟಾಗುತ್ತದೆ.

ಆರು ವರ್ಗಗಳು

ಆಟಗಾರರ ದೇಹಸ್ಥಿತಿಯನ್ನು ವೈದ್ಯರೂ ಕ್ರೀಡಾತಜ್ಞರೂ ಪರೀಕ್ಷಿಸಿ, ಅವರನ್ನು ಆರು ವರ್ಗಗಳಾಗಿ ವಿಂಗಡಿಸುತ್ತಾರೆ. ಗಾಲಿಕುರ್ಚಿಯಲ್ಲಿ ಕುಳಿತು ಆಡುವವರು ಮೊದಲನೆಯ ಮತ್ತು ಎರಡನೆಯ ವರ್ಗಕ್ಕೆ ಸೇರಿದವರು. ನಿಂತು ಆಡುವವರಲ್ಲಿ ಕಾಲಿನ ಊನ ಹೆಚ್ಚಾಗಿರುವವರು ಮೂರನೆಯ ವರ್ಗ. ಅದು ಅಷ್ಟು ತೀವ್ರವಾಗಿಲ್ಲದವರು ನಾಲ್ಕನೆಯ ವರ್ಗ. ಕೈಯಲ್ಲಿ ಊನವಿರುವವರದು ಐದನೆಯದು, ಕುಳ್ಳ ದೇಹದವರದು ಆರನೆಯದು. ಮೂರು, ನಾಲ್ಕನೆಯ ವರ್ಗಗಳನ್ನು ಎಸ್‌ಎಲ್ 3, ಎಸ್‌ಎಲ್ 4 ಎಂದು ಕರೆಯುವುದು ರೂಢಿ.

ಒಂಟಿಯಾಟದಲ್ಲಿ ಮೂರನೆಯ ವರ್ಗದವರಿಗೆ ಅಂಗಳವನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಮಾತ್ರ ಕೊಡುತ್ತಾರೆ. ಆದುದರಿಂದ ಅವರು ಮುಂದಕ್ಕೂ ಹಿಂದಕ್ಕೂ ಓಡಬೇಕೇ ಹೊರತು ಅಡ್ಡಕ್ಕೆ ಬಹಳ ದೂರ ಸಾಗಬೇಕಾಗಿಲ್ಲ. ಜೋಡಿಯಾಟದಲ್ಲಿ ಈ ರಿಯಾಯಿತಿ ಇಲ್ಲ. 13.40 ಮೀಟರ್ ಉದ್ದ, 6.10 ಮೀಟರ್ ಅಗಲದ ಇಡೀ ಅಂಗಳದಲ್ಲಿ ತಮ್ಮ ಪಾಲಿನ ಬದಿಯನ್ನೆಲ್ಲ ಇಬ್ಬರೇ ಕಾಯಬೇಕು.

ಏಳನ್ನು ಮೀರಬಾರದು

ಇಲ್ಲಿಯೇ ಮೇಲೆ ಹೇಳಿದ ಲೆಕ್ಕ ಬರುವುದು. ಮೂರು ಮತ್ತು ನಾಲ್ಕನೆಯ ವರ್ಗದವರು ಕೂಡಿ ಆಡುವ ಪುರುಷರ ಜೋಡಿ ಸ್ಪರ್ಧೆಯಲ್ಲಿ ಇಬ್ಬರ ವರ್ಗಸಂಖ್ಯೆಗಳನ್ನು ಕೂಡಿಸಿದರೆ ಏಳನ್ನು ಮೀರಬಾರದು. ಮೂರರವರು ಇಬ್ಬರು ಸೇರಿದರೆ ಆರು, ಸಲ್ಲುತ್ತದೆ. ಮೂರು ಮತ್ತು ನಾಲ್ಕು ಸೇರಿದರೆ ಏಳು, ಅದೂ ಸಲ್ಲುತ್ತದೆ. ನಾಲ್ಕರವರು ಇಬ್ಬರು ಸೇರಿದರೆ ಎಂಟಾಗುವುದರಿಂದ ಆ ಜೋಡಿಗೆ ಪ್ರವೇಶವಿಲ್ಲ. ಗಾಲಿಕುರ್ಚಿಯ ಜೋಡಿಗೂ ಇಂಥದೇ ಕಟ್ಟಳೆಯುಂಟು. ಅಲ್ಲಿ ಮೊತ್ತ ಮೂರನ್ನು ದಾಟುವಂತಿಲ್ಲ.

ಈ ಕಟ್ಟಳೆಯ ಅರ್ಥವನ್ನು ಸ್ವಲ್ಪ ಯೋಚಿಸಿ ನೋಡಬೇಕು. ನಾಲ್ಕನೆಯ ವರ್ಗದ ಆಟಗಾರ ಎಷ್ಟೇ ನಿಪುಣನಾಗಿರಲಿ, ತನಗಿಂತ ಹೆಚ್ಚಿನ ಊನವುಳ್ಳ ಒಬ್ಬನನ್ನು ಹುಡುಕಿ ಜೊತೆಗೆ ಕರೆದುಕೊಳ್ಳದೆ ಅಂಗಳಕ್ಕಿಳಿಯಲಾರ. ಲೋಕವು ಯಾರನ್ನು ಹೊರೆಯೆಂದು ಎಣಿಸುತ್ತದೆಯೋ ಅವನಿಲ್ಲದೆ ಇಲ್ಲಿ ಜೋಡಿಯೇ ಹುಟ್ಟದು!

ಹಾಗೆಂದು ಎದುರಾಳಿಗಳು ದಯೆ ತೋರುವುದಿಲ್ಲ. ಟೇಬಲ್ ಟೆನಿಸಿನ ಜೋಡಿಯಾಟದಲ್ಲಿ ಸಾಮಾನ್ಯವಾಗಿ ಇಬ್ಬರೂ ಸರದಿಯಂತೆ ಚೆಂಡನ್ನು ಹೊಡೆಯಬೇಕು. ಬ್ಯಾಡ್ಮಿಂಟನ್ನಿನಲ್ಲಿ ಸರ್ವಿಸ್ ಮತ್ತು ಅದರ ಉತ್ತರ ಮುಗಿದ ಮೇಲೆ ಸರದಿಯ ಗೊಡವೆಯಿಲ್ಲ. ಆದುದರಿಂದ ನಡೆ ನಿಧಾನವಾದವನ ಕಡೆಗೇ ಷಟಲನ್ನು ಮತ್ತೆ ಮತ್ತೆ ಅಟ್ಟಿ ಅವನನ್ನು ದಣಿಸುವುದು ಎದುರಾಳಿಯ ಹಕ್ಕು. ಜೊತೆಗಾರನು ಅದನ್ನು ಮೊದಲೇ ಊಹಿಸಿ ಜಾಗ ಬದಲಿಸಬೇಕು. ಆದರೆ ತನ್ನ ಜಾಗವನ್ನು ಬರಿದು ಮಾಡಬಾರದು. ನೆರವು ಕಡಮೆಯಾದರೂ ಕಷ್ಟ, ಅತಿಯಾದರೂ ಕಷ್ಟ. ಸಂಸಾರವನ್ನು ತೂಗಿಸಿದವರಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಮೊತ್ತ ಹೆಚ್ಚಿದ್ದ ಮಾತ್ರಕ್ಕೆ ಗೆಲುವು ಖಂಡಿತವೂ ಅಲ್ಲ. 2019ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ನಡೆದ ವಿಶ್ವ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಭಾರತದವರೇ ಎರಡು ಬದಿಯಲ್ಲಿಯೂ ನಿಂತಿದ್ದರು. ಪ್ರಮೋದ್ ಭಗತ್ ಮತ್ತು ಮನೋಜ್ ಸರ್ಕಾರ್ ಇಬ್ಬರೂ ಮೂರನೆಯ ವರ್ಗದವರು. ಅವರ ಮೊತ್ತ ಆರು. ನಿತೇಶ್ ಕುಮಾರ್ ಮತ್ತು ತರುಣ್ ಅವರ ಮೊತ್ತ ಏಳು. ಗೆದ್ದುದು ಆರರ ಜೋಡಿ. ಸೋತವರೂ ಎದೆಗುಂದಲಿಲ್ಲ. 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಜರುಗಿದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ನಿತೇಶ್ ಮತ್ತು ತರುಣ್ ಚಿನ್ನದ ಪದಕವನ್ನು ಪಡೆದರು.

ಕನ್ನಡಿಗರ ಪಾಲು

ಈ ಸಾಧನೆಯಲ್ಲಿ ಕರ್ನಾಟಕದ ಪಾಲೂ ಇದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಎಂಬ ಊರು ವಿಕಲಚೇತನರ ಕ್ರೀಡೆಯ ತವರು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ವೈದ್ಯ ಲುಡ್ವಿಗ್ ಗುಟ್‌ಮನ್ 1948ರಲ್ಲಿ ಅಲ್ಲಿಯ ಆಸ್ಪತ್ರೆಯ ಆವರಣದಲ್ಲಿ 16 ಜನರ ಬಿಲ್ಲುಗಾರಿಕೆಯ ಸ್ಪರ್ಧೆಯನ್ನು ಏರ್ಪಡಿಸಿದ್ದರು. ಅದೇ ಊರಿನಲ್ಲಿ 2015ರಲ್ಲಿ ನಡೆದ ವಿಶ್ವ ಪ್ಯಾರಾ ಬ್ಯಾಡ್ಮಿಂಟನ್ ಸ್ಪರ್ಧೆಯ ಜೋಡಿಯಾಟದಲ್ಲಿ ಕರ್ನಾಟಕದ ಆನಂದ್ ಕುಮಾರ್ ಬೋರೇಗೌಡ, ಉತ್ತರಾಖಂಡದ ಮನೋಜ್ ಸರ್ಕಾರ್ ಅವರೊಡನೆ ಕೂಡಿ ಆಡಿ ಚಿನ್ನ ಗೆದ್ದರು. ಒಬ್ಬರು ದಕ್ಷಿಣದವರು, ಇನ್ನೊಬ್ಬರು ಹಿಮಾಲಯದ ಸೆರಗಿನವರು. ಅಂಗಳದಲ್ಲಿ ಇಬ್ಬರಿಗೂ ಆಟವೇ ಭಾಷೆ.

ಇನ್ನೊಬ್ಬರು ಸುಹಾಸ್ ಯತಿರಾಜ್. 1983ರಲ್ಲಿ ಹಾಸನದಲ್ಲಿ ಹುಟ್ಟಿ, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ಆಡಳಿತ ಸೇವೆಯನ್ನು ಸೇರಿದ ಇವರಿಗೆ ಪಾದದ ಕೀಲಿನಲ್ಲಿ ಹುಟ್ಟಿನಿಂದ ಬಂದ ಊನವಿದೆ. ಇವರದು ನಾಲ್ಕನೆಯ ವರ್ಗ. ಉತ್ತರ ಪ್ರದೇಶದ ಗೌತಮ ಬುದ್ಧ ನಗರ ಜಿಲ್ಲೆಯ ಅಧಿಕಾರಿಯಾಗಿದ್ದಾಗಲೇ, 2021ರಲ್ಲಿ, ಟೋಕಿಯೋ ಪ್ಯಾರಾಲಿಂಪಿಕ್ಸಿನ ಒಂಟಿಯಾಟದಲ್ಲಿ ಫ್ರಾನ್ಸಿನ ಲೂಕಾ ಮಜೂರ್ ಅವರೊಡನೆ ಮೂರು ಗೇಮ್‌ಗಳವರೆಗೆ ಸೆಣಸಿ ಬೆಳ್ಳಿ ಗಳಿಸಿದರು. 2024ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ವಿಶ್ವ ವಿಜೇತರಾದರು; ಅದೇ ವರ್ಷ ಪ್ಯಾರಿಸ್ಸಿನಲ್ಲಿ ಮತ್ತೆ ಬೆಳ್ಳಿ.

ಮೇಳಕ್ಕೆ ಕರೆಯದ ಜೋಡಿ

ಇಷ್ಟೆಲ್ಲ ಇದ್ದೂ ಒಂದು ಕೊರತೆ ಉಳಿದಿದೆ. ಬ್ಯಾಡ್ಮಿಂಟನ್ನಿಗೆ ಪ್ಯಾರಾಲಿಂಪಿಕ್ಸಿನ ಬಾಗಿಲು ತೆರೆದುದೇ ಟೋಕಿಯೋದಲ್ಲಿ. ಅಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಪುರುಷರ ಜೋಡಿಯಾಟವಿದ್ದುದು ಗಾಲಿಕುರ್ಚಿಯವರಿಗೆ ಮಾತ್ರ. ಎರಡು ಸಲವೂ ಚಿನ್ನ ಚೀನದ ಮೈ ಜಿಯಾನ್‌ಪೆಂಗ್ ಮತ್ತು ಚು ಝಿಮೊ ಅವರಿಗೆ ಸಂದಿತು. ನಿಂತು ಆಡುವ ಪುರುಷರಿಗೆ ಜೋಡಿಯ ಪದಕವೇ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಸುಹಾಸ್ ಜೋಡಿಯಾಗಿ ಆಡಿದ್ದು ಮಿಶ್ರ ಸ್ಪರ್ಧೆಯಲ್ಲಿ, ಪಲಕ್ ಕೊಹ್ಲಿಯವರೊಡನೆ. ಅಲ್ಲಿ ಮೊತ್ತದ ಮಿತಿ ಎಂಟು.

ಆದುದರಿಂದ ಬಾಸೆಲ್ಲಿನಲ್ಲಿ ಒಂದೇ ಬದಿಯಲ್ಲಿ ನಿಂತು ಗೆದ್ದ ಭಗತ್ ಮತ್ತು ಸರ್ಕಾರ್, ಟೋಕಿಯೋದಲ್ಲಿ ಒಂಟಿಯಾಗಿ ಆಡಿಯೇ ಚಿನ್ನ, ಕಂಚುಗಳನ್ನು ತರಬೇಕಾಯಿತು. ವಿಶ್ವ ವಿಜೇತರಾದ ಜೋಡಿಗೆ ಆ ಮಹಾಮೇಳದಲ್ಲಿ ಜೋಡಿಯಾಗಿ ನಿಲ್ಲುವ ಅವಕಾಶವಿರಲಿಲ್ಲ. ಸರ್ಕಾರಗಳ ಬಹುಮಾನವೂ ಪತ್ರಿಕೆಗಳ ಮೊದಲ ಪುಟವೂ ಪ್ಯಾರಾಲಿಂಪಿಕ್ ಪದಕದ ಬೆನ್ನು ಹಿಡಿದು ಹೋಗುವಾಗ, ಜೋಡಿಯಾಟದಲ್ಲಿ ಮಾತ್ರ ಬೆಳಗುವ ಆಟಗಾರನು ನೆರಳಿನಲ್ಲಿಯೇ ಉಳಿಯುತ್ತಾನೆ.

ದೊಡ್ಡ ಕೂಟದ ಪಟ್ಟಿಯನ್ನು ತಿದ್ದುವುದು ದೂರದ ಸಮಿತಿಗಳ ಕೈಯಲ್ಲಿದೆ. ಆದರೆ ಏಳರ ಲೆಕ್ಕವನ್ನು ಊರಿನ ಅಂಗಳಕ್ಕೆ ತರಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಗಾಳಿ ತಾಗದ ಒಂದು ಸೂರು, ಜಾರದ ಸಮನೆಲ, ಒಂದು ಬಲೆ, ಎರಡು ಜೊತೆ ಬ್ಯಾಟು: ಇಷ್ಟಿದ್ದರೆ ಸಾಕು. ಮಂಡ್ಯದ ಶಾಲೆಯೊಂದರಲ್ಲಿ ಅಂಕ ಎಣಿಸುತ್ತ ಕುಳಿತ ಹುಡುಗನನ್ನು ಉಪಾಧ್ಯಾಯರು ಎಬ್ಬಿಸಿ ಅಂಗಳಕ್ಕೆ ಕರೆಯುವ ದಿನ, ಅವನು ಬರಿಯ ಆಟಕ್ಕೆ ಬಂದವನಲ್ಲ. ಮತ್ತೊಬ್ಬನ ಆಟವನ್ನು ಪೂರ್ಣಗೊಳಿಸಲು ಬಂದವನು.