ಮೂರು ಸಾವಿರದಲ್ಲಿ ಒಂದು ವೇಷ

“ಒಂಬತ್ತು ಸಾವಿರ ರೂಪಾಯಿ!”

ಮಗಳು ಕೈಗಿತ್ತ ಚೀಟಿಯನ್ನು ಓದಿ ನಾನು ಉದ್ಗರಿಸಿದ್ದು ಇಷ್ಟೇ. ಅದು ಕಾಲೇಜಿನ ಶುಲ್ಕವಲ್ಲ, ಪುಸ್ತಕಗಳ ಪಟ್ಟಿಯೂ ಅಲ್ಲ. ಒಂದು ದಿನ ತೊಟ್ಟು ಕಳಚಿಡುವ ವೇಷದ ವೆಚ್ಚ. ಬೆಂಗಳೂರಿನ ಕಾಮಿಕ್ ಕಾನ್ ಮೇಳಕ್ಕೆ ಕವಚ ತೊಟ್ಟ ವೀರವನಿತೆಯಾಗಿ ಹೋಗಬೇಕೆಂಬುದು ಅವಳ ಆಸೆ. ಫೋಮ್ ಹಾಳೆಗಳಿಗೆ 2,400, ಅಂಟಿಗೆ 600, ಹಾಳೆಯನ್ನು ಬಾಗಿಸುವ ಬಿಸಿಗಾಳಿಯ ಯಂತ್ರಕ್ಕೆ 1,500, ಬಣ್ಣಕ್ಕೆ 1,200, ಕೃತಕ ಕೂದಲಿಗೆ 1,800, ಬೂಟಿಗೆ 1,500. ಮೇಳದ ಟಿಕೆಟ್ಟು, ಬಸ್ ಖರ್ಚು ಲೆಕ್ಕಕ್ಕೇ ಬಂದಿರಲಿಲ್ಲ.

ಆ ತಿಂಗಳು ನಮ್ಮ ತಾಯಿಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ನಾನು ಹಣ ಹೊಂದಿಸುತ್ತಿದ್ದೆ. “ಇಂಥ ಹುಚ್ಚಾಟಕ್ಕೆ ಈ ಮನೆಯಲ್ಲಿ ದುಡ್ಡಿಲ್ಲ” ಎಂದುಬಿಟ್ಟೆ. ಎರಡು ದಿನ ಮಗಳು ಮಾತನಾಡಲಿಲ್ಲ. ಮೂರನೆಯ ದಿನ ಮನೆಯಾಕೆ ಮೆಲ್ಲಗೆ ಹೇಳಿದಳು: “ದುಡ್ಡಿಲ್ಲ ಎನ್ನುವುದು ಬೇರೆ, ಹುಚ್ಚಾಟ ಎನ್ನುವುದು ಬೇರೆ. ಮೊದಲನೆಯದು ಅವಳಿಗೆ ಅರ್ಥವಾಗುತ್ತದೆ. ಮನೆಯಲ್ಲಿ ಎಷ್ಟಿದೆಯೆಂದು ಅವಳಿಗೆ ಎಂದಾದರೂ ಹೇಳಿದ್ದೀರಾ?”

ಹೇಳಿರಲಿಲ್ಲ. ಅಂದು ಸಂಜೆ ಮೂವರೂ ಕೂತೆವು.

ಇದು ಎಲ್ಲಿಂದ ಬಂತು?

ಕಥೆಯ ಪಾತ್ರದಂತೆ ವೇಷ ಕಟ್ಟುವ ಈ ಹವ್ಯಾಸಕ್ಕೆ ಕಾಸ್‌ಪ್ಲೇ ಎಂದು ಹೆಸರು. ಹೆಸರು ಹುಟ್ಟಿದ್ದು 1980ರ ದಶಕದ ಜಪಾನಿನಲ್ಲಿ. ಹವ್ಯಾಸ ಅದಕ್ಕಿಂತಲೂ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯಕಾಲದ ಉಡುಪು ಧರಿಸಿ ಬಂದಿದ್ದರು. ಎರಡೂ ಉಡುಪುಗಳನ್ನು ಹೊಲಿದವರು ಮರ್ಟಲ್ ಅವರೇ. ಅಂದರೆ ಈ ಆಟ ಆರಂಭವಾದದ್ದು ಅಂಗಡಿಯಲ್ಲಲ್ಲ, ಸೂಜಿ ದಾರದ ಬಳಿ. ಬೆಂಗಳೂರಿನಲ್ಲಿ ಕಾಮಿಕ್ ಕಾನ್ ಮೊದಲು ನಡೆದದ್ದು 2012ರಲ್ಲಿ.

ಮೊದಲು ಮೊತ್ತ, ಆಮೇಲೆ ಪಾತ್ರ

ಪಾತ್ರವನ್ನು ಆರಿಸಿ ಬಳಿಕ ಹಣ ಹುಡುಕುವುದು ಸಾಲಕ್ಕೆ ದಾರಿ. ನಾವು ಮೊದಲು ಮೊತ್ತವನ್ನು ಗೊತ್ತುಮಾಡಿದೆವು. ಮಗಳ ಉಳಿತಾಯ 1,800, ಮನೆಯ ಕಡೆಯಿಂದ 1,200, ಒಟ್ಟು 3,000. ಅವಳು ಒಂದು ರಾತ್ರಿ ಯೋಚಿಸಿ, ಕವಚವನ್ನು ಕೈಬಿಟ್ಟು ಕಿಕಿಯನ್ನು ಆರಿಸಿಕೊಂಡಳು.

ಕಿಕಿ ಎಂಬಾಕೆ ಹಯಾವೊ ಮಿಯಾಜಾಕಿಯವರ 1989ರ ಜಪಾನೀ ಚಿತ್ರದ ನಾಯಕಿ. ಹದಿಮೂರು ವರ್ಷದ ಈ ಪುಟ್ಟ ಮಾಟಗಾತಿ ತವರನ್ನು ಬಿಟ್ಟು ಪರ ಊರಿನಲ್ಲಿ ದುಡಿದು ಬದುಕುತ್ತಾಳೆ. ಕಪ್ಪುಛಾಯೆಯ ಸಡಿಲ ನಿಲುವಂಗಿ, ತಲೆಯಲ್ಲಿ ದೊಡ್ಡ ಕೆಂಪು ರಿಬ್ಬನ್, ಕೆಂಪು ಪಾದರಕ್ಷೆ, ಪೊರಕೆ, ಜೊತೆಗೊಂದು ಕರಿಯ ಬೆಕ್ಕು. ಹೊರಡುವಾಗ ತಂದೆ ತನ್ನ ರೇಡಿಯೋವನ್ನೂ ತಾಯಿ ತನ್ನ ಪೊರಕೆಯನ್ನೂ ಅವಳಿಗೆ ಕೊಡುತ್ತಾರೆ.

ನಾಲ್ಕು ಕಲಮುಗಳು

ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಕಲಮು ಎಳೆದೆವು: ಮನೆಯಲ್ಲಿರುವುದು, ಎರವಲು ತರುವುದು, ಮಾಡಿಕೊಳ್ಳುವುದು, ಕೊಳ್ಳುವುದು. ಮೊದಲ ಮೂರೂ ತುಂಬುವವರೆಗೆ ನಾಲ್ಕನೆಯದನ್ನು ಮುಟ್ಟಬಾರದೆಂಬುದು ಕರಾರು. ಹೆಗಲಚೀಲ ಮನೆಯಲ್ಲಿತ್ತು. ಕೂದಲನ್ನು ಮಡಿಚಿ ಕಟ್ಟಿದರೆ ಕೃತಕ ಕೂದಲು ಬೇಡವಾಯಿತು. ಹೊಲಿಗೆಗೆ ಅಮ್ಮ ಇದ್ದಳು. ಕೊಳ್ಳುವ ಪಟ್ಟಿ ಹೀಗೆ ಉಳಿಯಿತು:

ಚಿಕ್ಕಪೇಟೆಯ ಬಟ್ಟೆ, 4 ಮೀಟರು: 720
ದಾರ, ಜಿಪ್ಪು: 80
ರಿಬ್ಬನ್ನಿಗೆ ಸ್ಯಾಟಿನ್, ತಂತಿ: 150
ಹಳೆಯ ಬೂಟಿಗೆ ಕೆಂಪು ಬಣ್ಣ: 250
ಪೊರಕೆಯ ಕೋಲು: 60
ಬೆಕ್ಕಿನ ಬೊಂಬೆ: 350
ಟಿಕೆಟ್ಟು, ಪ್ರಯಾಣ: 1,100
ಆಕಸ್ಮಿಕ ವೆಚ್ಚ: 290

ಕೊನೆಯ ಬಾಬನ್ನು ಓದುಗರು ಅಲಕ್ಷಿಸಬಾರದು. ಒಟ್ಟು ಮೊತ್ತದಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಹೀಗೆ ಬೇರೆಯಿಡಬೇಕು. ಹಳೆಯ ಹಾಸುಹೊದಿಕೆಯಲ್ಲಿ ಮೊದಲು ಕತ್ತರಿಸಿ ನೋಡು ಎಂದು ತಾಯಿ ಹೇಳಿದ್ದರೂ ಮಗಳು ಆತುರದಿಂದ ಹೊಸ ಬಟ್ಟೆಗೇ ಕತ್ತರಿ ಹಾಕಿದಳು. ತೋಳು ಗಿಡ್ಡವಾಯಿತು. ಮತ್ತೊಂದು ಮೀಟರಿಗೆ 180 ರೂಪಾಯಿ ತೆರಬೇಕಾಯಿತು. ಆ ಬಾಬು ಇಲ್ಲದಿದ್ದರೆ ಮನೆಯಲ್ಲಿ ಮತ್ತೆ ಮೌನ ನೆಲೆಸುತ್ತಿತ್ತು.

ಉಳಿಸಬಾರದ ಕಡೆ

ಎಲ್ಲೆಡೆಯೂ ಕೈ ಬಿಗಿಹಿಡಿಯುವುದು ಜಾಣತನವಲ್ಲ. ಫೋಮಿನ ಕವಚವನ್ನೇ ಮಾಡುವವರು ಅಂಟು ಹಚ್ಚುವಾಗ ಕಿಟಕಿ ತೆರೆದಿರಬೇಕು. ಅದರ ಆವಿ ತಲೆಸುತ್ತು ತರುತ್ತದೆ. ಹಾಳೆಯನ್ನು ಉಜ್ಜುವಾಗ ಏಳುವ ಧೂಳಿಗೆ ಮುಖಗವಸು ಬೇಕೇ ಬೇಕು. ದಿನವಿಡೀ ನಿಲ್ಲುವ ಕಾಲಿಗೆ ಒಗ್ಗುವ ಬೂಟು ಬೇಕು. ಒಂದೇ ಸಲ ಬೇಕಾಗುವ ಯಂತ್ರವನ್ನು ಮಾತ್ರ ಕೊಳ್ಳದೆ ಸ್ನೇಹಿತರಲ್ಲಿ ಕೇಳಿ ತರುವುದು ಲೇಸು. ಕತ್ತಿ, ಬಂದೂಕಿನಂಥ ಆಟಿಕೆಗಳ ಬಗ್ಗೆ ಮೇಳದ ನಿಯಮಗಳನ್ನು ಮೊದಲೇ ಓದಬೇಕು. ಬಾಗಿಲಲ್ಲಿ ತಡೆದರೆ ಹಾಕಿದ ಹಣವೆಲ್ಲ ವ್ಯರ್ಥ. ಕಡೆಯ ವಾರಕ್ಕೆ ಕೆಲಸ ಉಳಿಸಿಕೊಂಡವರು ಸಿಕ್ಕ ಬೆಲೆಗೆ ಕೊಳ್ಳಬೇಕಾಗುತ್ತದೆ. ಎರಡು ತಿಂಗಳು ಮುಂಚೆ ಆರಂಭಿಸುವುದೇ ದೊಡ್ಡ ಉಳಿತಾಯ.

ಮೇಳದ ದಿನ ಬೆಳಿಗ್ಗೆ ಮಗಳು ಸಿದ್ಧಳಾಗಿ ಬಂದು ನಿಂತಳು. ಕೈಯಲ್ಲಿ ಪೊರಕೆಯಿತ್ತು, ರೇಡಿಯೋ ಇರಲಿಲ್ಲ. ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ನಾನು ಅಟ್ಟದ ಮೇಲಿದ್ದ ನನ್ನ ಹಳೆಯ ಟ್ರಾನ್ಸಿಸ್ಟರನ್ನು ಇಳಿಸಿ ಒರೆಸಿ ಕೊಟ್ಟೆ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದಿದ್ದ ನಮ್ಮ ತಾಯಿ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ರಿಬ್ಬನ್ನು ಎಷ್ಟು ಕೆಂಪಗಿದೆಯೇ!” ಎಂದರು.

ಬಹುಮಾನವೇನೂ ಬರಲಿಲ್ಲ. ರಾತ್ರಿ ಮೇಜಿನ ಮೇಲೆ ಉಳಿದ 110 ರೂಪಾಯಿ ಮತ್ತು ಲೆಕ್ಕದ ಹಾಳೆ ಇದ್ದವು. ಎರವಲಿನ ಕಲಮಿನಲ್ಲಿ ಹೊಸದಾಗಿ ಒಂದು ಸಾಲು ಸೇರಿತ್ತು: “ಅಪ್ಪನ ರೇಡಿಯೋ. ಹಿಂದಿರುಗಿಸಿದೆ.”

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಮನೆಯ ಜಮಾಖರ್ಚು ಬರೆಯುವಾಗ ಅವಳೂ ಜೊತೆಗೆ ಕೂರುತ್ತಾಳೆ. ದುಡ್ಡಿಲ್ಲವೆಂದು ಹೇಳಬೇಕಾದಾಗ ಎಷ್ಟಿದೆಯೆಂಬುದನ್ನೂ ನಾನು ಹೇಳುತ್ತೇನೆ.