ಪೂರ್ವಜರ ತಾರೀಕುಗಳನ್ನು ಅವರ ಕಾಲದೊಂದಿಗೆ ಓದೋಣ

ಕುಟುಂಬ ಸಮ್ಮಿಲನಕ್ಕೋ ಇಗರ್ಜಿಯ ಶತಮಾನೋತ್ಸವಕ್ಕೋ ವಂಶವೃಕ್ಷ ಬರೆಯುವುದು ನಮ್ಮಲ್ಲಿ ಹೊಸತಲ್ಲ. ಧರ್ಮಕೇಂದ್ರದ ಕಚೇರಿಗೆ ಹೋಗಿ ಹಳೆಯ ಪುಸ್ತಕ ತೆರೆಸುತ್ತೇವೆ. ಜ್ಞಾನಸ್ನಾನ, ಮದುವೆ, ಮರಣ ಎಂಬ ಮೂರು ತಾರೀಕು ಸಿಕ್ಕಿದ ಕೂಡಲೇ ಕೆಲಸ ಮುಗಿಯಿತೆಂದು ಹಿಂತಿರುಗುತ್ತೇವೆ. ಆ ವರ್ಷ ಊರಿನಲ್ಲಿ ಏನು ನಡೆಯುತ್ತಿತ್ತು ಎಂದು ಕೇಳುವುದೇ ಇಲ್ಲ. ಹಾಗೆ ಕೇಳದೆ ನಾವು ನಮ್ಮ ಮುತ್ತಜ್ಜನಿಗೆ ಬಹಳ ಕಾಲ ಅನ್ಯಾಯ ಮಾಡಿದ್ದೇವೆ.

ನಮ್ಮ ಮನೆಯಲ್ಲಿ ಮುತ್ತಜ್ಜನೆಂದರೆ ಕಲ್ಲು ಹೃದಯದ ಮನುಷ್ಯ ಎಂದೇ ಮಾತು. ಮೊದಲ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳು ತುಂಬುವ ಮೊದಲೇ ಅವರು ಇನ್ನೊಂದು ಮದುವೆಯಾದರು. ಅಜ್ಜಿಯಂದಿರು ಇದನ್ನು ಗಂಡುಮಕ್ಕಳಿಗೆ ಬುದ್ಧಿ ಹೇಳುವಾಗ ಉದಾಹರಣೆಯಾಗಿ ಕೊಡುತ್ತಿದ್ದರು. ಮೊದಲ ಹೆಂಡತಿಯ ಮರಣ 1918ರ ನವೆಂಬರ್ ತಿಂಗಳ ಆರಂಭದಲ್ಲಿ, ಎರಡನೇ ಮದುವೆ 1919ರ ಫೆಬ್ರವರಿ ಕೊನೆಯಲ್ಲಿ. ಪುಸ್ತಕದಲ್ಲಿಯೂ ಹಾಗೆಯೇ ಇದೆ, ಅಜ್ಜಿಯಂದಿರ ಲೆಕ್ಕ ತಪ್ಪಿರಲಿಲ್ಲ.

ಆದರೆ ಮರಣದ ಪುಸ್ತಕದ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಾಗ ನಾವು ಸುಮ್ಮನಾದೆವು. ಅದಕ್ಕಿಂತ ಹಿಂದಿನ ಪುಟ ತುಂಬಲು ಕೆಲವು ತಿಂಗಳು ಹಿಡಿದಿದ್ದರೆ ಈ ಪುಟ ಕೆಲವೇ ವಾರಗಳಲ್ಲಿ ತುಂಬಿದೆ. ಮುತ್ತಜ್ಜನ ತಾಯಿ, ತಮ್ಮ, ಹೆಂಡತಿ ಮೂವರೂ ಹನ್ನೆರಡು ದಿನಗಳೊಳಗೆ ಹೋಗಿದ್ದಾರೆ. ಕಾರಣ ಬರೆಯುವಲ್ಲಿ 'ಫೆಬ್ರಿಸ್' ಎಂಬ ಒಂದೇ ಲ್ಯಾಟಿನ್ ಪದ, ಅಂದರೆ ಜ್ವರ.

1918 ಇನ್‌ಫ್ಲುಯೆಂಜಾ ಮಹಾಮಾರಿಯ ವರ್ಷ. ಆ ಬೇಸಿಗೆಯಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗದ ಎರಡನೇ ಅಲೆ ಸೆಪ್ಟೆಂಬರ್‌ನಿಂದ ದೇಶದುದ್ದಕ್ಕೂ ಹರಡಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಮುದುಕರು, ಮಕ್ಕಳು ಮಾತ್ರವಲ್ಲದೆ ಇಪ್ಪತ್ತರಿಂದ ನಲವತ್ತರ ಪ್ರಾಯದ ಗಟ್ಟಿಮುಟ್ಟಾದವರನ್ನೂ ಈ ರೋಗ ದೊಡ್ಡ ಸಂಖ್ಯೆಯಲ್ಲಿ ಕೊಂಡೊಯ್ದಿತು. ಅದೇ ವರ್ಷ ಮಳೆ ಕೈಕೊಟ್ಟಿತ್ತು; ಮಹಾಯುದ್ಧದಿಂದ ಮೊದಲೇ ಏರಿದ್ದ ಧಾನ್ಯದ ಬೆಲೆ ಇನ್ನಷ್ಟು ಏರಿತ್ತು. ಇಂತಹ ಹೊತ್ತಿನಲ್ಲಿ ಮುತ್ತಜ್ಜನ ಕೈಯಲ್ಲಿ ಮೂರು ವರ್ಷದ ಮಗಳು, ಎಂಟು ತಿಂಗಳ ಮೊಲೆಗೂಸು. ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ಒಬ್ಬ ಹೆಂಗಸೂ ಉಳಿದಿರಲಿಲ್ಲ.

ಮದುವೆ ಫೆಬ್ರವರಿಯಲ್ಲಿಯೇ ಏಕೆ? 1919ರಲ್ಲಿ ವಿಭೂತಿ ಬುಧವಾರ ಮಾರ್ಚ್ 5ರಂದು ಬಂದಿತ್ತು. ತಪಸ್ಸು ಕಾಲದಲ್ಲಿ ಮದುವೆಯ ಸಂಭ್ರಮಕ್ಕೆ ಅವಕಾಶವಿಲ್ಲ. ಆ ವಾರ ತಪ್ಪಿದರೆ ಏಪ್ರಿಲ್ 20ರ ಪಾಸ್ಕ ಹಬ್ಬ ಕಳೆಯುವವರೆಗೆ ಕಾಯಬೇಕು. ಮೊಲೆಗೂಸು ಇರುವ ಮನೆಯಲ್ಲಿ ಅಷ್ಟು ದಿನ ಕಾಯುವವರು ಯಾರು?

ಇನ್ನು ಕೆಲವು ಸಂಗತಿಗಳನ್ನು ಬೇಗನೆ ಹೇಳಿಬಿಡುತ್ತೇವೆ. ಹುಡುಕಲು ಹೊರಡುವವರಿಗೆ ಉಪಯೋಗವಾದೀತು.

ಆ ಮೊದಲ ಹೆಂಡತಿ 1911ರಲ್ಲಿ ಮದುವೆಯಾದಾಗ ಅವಳ ಪ್ರಾಯ ಹದಿಮೂರು. ಓದಿದ ನಮ್ಮ ಮಕ್ಕಳು ಬೆಚ್ಚಿದರು. ಆಗಿನ ಧರ್ಮಸಭೆಯ ನಿಯಮದಲ್ಲಿ ಹುಡುಗಿಗೆ ಹನ್ನೆರಡು ಸಾಕಾಗಿತ್ತು. 1918ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಸಂಹಿತೆ ಅದನ್ನು ಹದಿನಾಲ್ಕಕ್ಕೆ ಏರಿಸಿತು. ಸರಕಾರದ ಶಾರದಾ ಕಾಯ್ದೆ 1930ರಲ್ಲಿ ಜಾರಿಗೆ ಬಂತು. ಬೆಚ್ಚುವುದು ತಪ್ಪಲ್ಲ, ಆದರೆ ಆ ಮನೆಯವರು ನಿಯಮ ಮೀರಿದವರಲ್ಲ.

ಮುತ್ತಜ್ಜ ಹನ್ನೆರಡು ವರ್ಷಕ್ಕೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದರೆ ಅವರ ಕಿರಿಯ ತಂಗಿ ಎಂಟಕ್ಕೇ ಸ್ವೀಕರಿಸಿದ್ದಾಳೆ. ಅಣ್ಣ ದಡ್ಡನಾಗಿದ್ದ ಎಂದು ಹೇಳಿ ನಗುವಂತಿಲ್ಲ. 1910ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳು ಏಳರ ಆಸುಪಾಸಿನ, ತಿಳುವಳಿಕೆ ಬಂದ ಮಕ್ಕಳಿಗೆ ಪರಮಪ್ರಸಾದ ಕೊಡಬಹುದೆಂದು ಆಜ್ಞೆ ಹೊರಡಿಸಿದರು. ಆ ಆಜ್ಞೆ ಅಣ್ಣನಿಗೆ ತಡವಾಗಿ ಬಂತು, ತಂಗಿಗೆ ಸಮಯಕ್ಕೆ ಸರಿಯಾಗಿ ಬಂತು.

ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿ ಮದುವೆಯ ಟಿಪ್ಪಣಿ ಇಲ್ಲವೆಂದು ಒಬ್ಬರನ್ನು ಅವಿವಾಹಿತರ ಪಟ್ಟಿಗೆ ಸೇರಿಸಬಾರದು. ಹಾಗೆ ಬರೆಯಬೇಕೆಂಬ ಸಾರ್ವತ್ರಿಕ ನಿಯಮ ಬಂದದ್ದೇ 1908ರಲ್ಲಿ. ತಂದೆಯ ಅಂತ್ಯಕ್ರಿಯೆಗೆ ಮುಂಬಯಿಯಿಂದ ಬಾರದ ಮಗನ ಮೇಲೆ ಸಿಟ್ಟಾಗುವ ಮೊದಲು ತಿಂಗಳನ್ನು ನೋಡಿರಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮದ್ರಾಸಿನ ಕಡೆಯಿಂದ. ಕರಾವಳಿಯುದ್ದಕ್ಕೂ ನೇರ ರೈಲು ಓಡಿದ್ದು 1998ರಲ್ಲಿ. ಹಿಂದೆ ಮುಂಬಯಿಗೆ ಹೋಗಿಬರಲು ಹಡಗೇ ಗತಿ, ಮಳೆಗಾಲದಲ್ಲಿ ಅದೂ ಇಲ್ಲ.

1784ರಲ್ಲಿ ನಮ್ಮ ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳೂ ನಾಶವಾದವು. ಉಳಿದವರು ಮರಳಿದ್ದು 1799ರ ನಂತರ. ಆದ್ದರಿಂದ ಅದಕ್ಕಿಂತ ಹಿಂದಿನ ಹೆಸರುಗಳನ್ನು ವಂಶವೃಕ್ಷದಲ್ಲಿ ಧೈರ್ಯವಾಗಿ ಬರೆಯುವವರನ್ನು ಕಂಡರೆ ನಮಗೆ ಸ್ವಲ್ಪ ಅನುಮಾನ. ನಿಮ್ಮ ಧರ್ಮಕೇಂದ್ರ ಹೊಸತಾಗಿದ್ದರೆ ಅದು ಯಾವ ಇಗರ್ಜಿಯಿಂದ ವಿಂಗಡಣೆಯಾಯಿತೋ ಅಲ್ಲಿ ಕೇಳಿರಿ. ಉಡುಪಿ ಧರ್ಮಪ್ರಾಂತ್ಯದ ಧರ್ಮಕೇಂದ್ರಗಳು 2012ರವರೆಗೆ ಮಂಗಳೂರಿಗೇ ಸೇರಿದ್ದವು ಎಂಬುದೂ ನೆನಪಿರಲಿ.

ಪುಸ್ತಕ ನೋಡಲು ಧರ್ಮಗುರುಗಳ ಅನುಮತಿ ಬೇಕು. ಹಬ್ಬದ ವಾರದಲ್ಲಿ ಹೋಗಿ ಅವರಿಗೆ ತೊಂದರೆ ಕೊಡಬೇಡಿ. ನಿಮ್ಮ ಮನೆಯ ಸಾಲನ್ನು ಮಾತ್ರ ಬರೆದುಕೊಳ್ಳದೆ, ಒಪ್ಪಿಗೆ ಸಿಕ್ಕಿದರೆ ಇಡೀ ಪುಟವನ್ನು ಓದಿರಿ. ನಾವು ಮೊದಲ ಸಲ ಮೂರೇ ಸಾಲು ಬರೆದುಕೊಂಡು ಬಂದಿದ್ದೆವು. ಎರಡನೇ ಸಲ ಹೋದಾಗ ಮದುವೆಯ ಪುಸ್ತಕದಲ್ಲಿ ಹೊಸ ಹೆಂಡತಿಯ ಹೆಸರಿನ ಮುಂದೆ 'ವಿದುವಾ' ಎಂದು ಬರೆದಿರುವುದು ಕಣ್ಣಿಗೆ ಬಿತ್ತು. ವಿಧವೆ ಎಂದು ಅರ್ಥ. ಮತ್ತೆ ಮರಣದ ಪುಸ್ತಕ ತೆರೆದೆವು. ಅವಳ ಮೊದಲ ಗಂಡನ ಹೆಸರು ಅದೇ ಪುಟದಲ್ಲಿ, ನಮ್ಮ ಮುತ್ತಜ್ಜಿಯ ಹೆಸರಿನಿಂದ ನಾಲ್ಕು ಸಾಲು ಕೆಳಗೆ ಇತ್ತು.